ಮರೆಯುತ್ತಿರುವ ಅಪ್ಪನನ್ನು ಏನೆಂದು ಕೇಳಲಿ?

ಪ್ರಶ್ನೆ: ಸೇಡಂ ತಾಲ್ಲೂಕಿನ ಊರಿನಲ್ಲಿರುವ ನನ್ನ ಅಪ್ಪನಿಗೆ 78 ವರ್ಷ. ಈಚೆಗೆ ಅವರಿಗೆ ಊಟ ಮಾಡಿದ್ದೂ ನೆನಪಿರುವುದಿಲ್ಲ. ತೀರಿಹೋದ ಅವ್ವನ ಹೆಸರು ಹಿಡಿದು ನನ್ನನ್ನು ಕರೆಯುತ್ತಾರೆ. ಅವರು ಅವ್ವನನ್ನು ಹೊಡೆಯುತ್ತಿದ್ದುದನ್ನು, ಪಿಯುಸಿ ಪಾಸಾದರೂ ಓದು ಬಿಡಿಸಿ ನನ್ನ ಮದುವೆ ಮಾಡಿದ್ದನ್ನು ನಾನು ಮರೆತಿಲ್ಲ. ವೈನಿಗೆ (ಅತ್ತಿಗೆಗೆ) ಸಾಕಾಗಿದೆ, ಇನ್ನು ನೀನೇ ನೋಡಿಕೋ ಎನ್ನುವ ಅಣ್ಣ, ಅದಕ್ಕೂ ಮೊದಲು ತೊಗರಿ ಹೊಲ ಬರೆಸಿಕೊಳ್ಳುವ ಅವಸರದಲ್ಲಿದ್ದಾನೆ. ಎಲ್ಲವನ್ನೂ ಮರೆಯುವ ಮೊದಲು ಅಪ್ಪ ಒಮ್ಮೆಯಾದರೂ ‘ತಪ್ಪಾಯಿತು’ ಎನ್ನಲಿ ಎಂದು ಬಯಸುವುದು ತಪ್ಪೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬಯಸುವುದು ತಪ್ಪಲ್ಲ. ಆದರೆ ಇಂದು ಆ ಮಾತು ಹೊರಟರೂ ನಾಳೆ ಅದು ಅವರಲ್ಲಿ ಉಳಿಯಲಾರದು. ಒತ್ತಾಯಿಸಿದರೆ ಸಿಟ್ಟೋ ಗಾಬರಿಯೋ ಹೆಚ್ಚಬಹುದು. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳಿಂದಲೂ ಇಂಥ ಮರೆವು ಬರುವುದುಂಟು, ಚಿಕಿತ್ಸೆಯಿಂದ ಸುಧಾರಿಸುವುದೂ ಉಂಟು.

ಹೊಡೆತ ತಿಂದ ಅವ್ವನ ಹೆಸರಿಗೆ ಓಗೊಡುವುದು ನಿಮಗೆ ಎಂಥ ಸಂಕಟವೆಂಬುದು ಅರ್ಥವಾಗುತ್ತದೆ. ಪ್ರತಿ ಸಲ ತಿದ್ದಲೂ ಬೇಡಿ, ಅವ್ವನಾಗಿ ಉತ್ತರಿಸಲೂ ಬೇಡಿ. ‘ಇಲ್ಲೇ ಇದ್ದೀನಿ, ಏನು ಬೇಕು’ ಎಂದರೆ ಸಾಕು. ಅವರನ್ನು ನೋಡಿಕೊಳ್ಳಲು ಅವರನ್ನು ಕ್ಷಮಿಸಿರಲೇಬೇಕೆಂಬ ನಿಯಮವೂ ಇಲ್ಲ. ನೆಂಟರು ಏನೇ ಹೇಳಲಿ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಈಗ ಅಪ್ಪನಲ್ಲ, ಅಣ್ಣ. ಅದೇ ಮನೆಯಲ್ಲಿ ಬೆಳೆದು ಎಲ್ಲವನ್ನೂ ಕಂಡವರು, ನೆನಪು ನೆಟ್ಟಗಿರುವವರು ಅವರೇ. ನಿಮ್ಮ ಓದು ನಿಂತದ್ದನ್ನು, ಅವ್ವನ ಬದುಕನ್ನು ಅವರೊಂದಿಗೆ ಮಾತನಾಡಿ. ಹೊಲದ ಮಾತನ್ನು ಅದರೊಡನೆ ಬೆರೆಸಬೇಡಿ.

ಹೊಲದ ವಿಷಯದಲ್ಲಿ ಮೆತ್ತಗಾಗಬೇಕಿಲ್ಲ. ವ್ಯವಹಾರ ತಿಳಿಯುವಷ್ಟು ಚಿತ್ತಸ್ವಾಸ್ಥ್ಯವಿಲ್ಲದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಅದು ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾಗಿದ್ದರೆ, ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ನಿಮಗೂ ಸಮಪಾಲಿದೆ; 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ವಕೀಲರಿಗೆ ತೋರಿಸದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಹಾಗೆಯೇ, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯು ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಹೊಣೆಗಾರರನ್ನಾಗಿಸಿದೆ. ಅಣ್ಣ ಕೈತೊಳೆದುಕೊಳ್ಳುವಂತಿಲ್ಲ, ನೀವೂ ಅಷ್ಟೇ. ಮಾತುಕತೆ ಮುರಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆಮಾಡಿ ಸಲಹೆ ಕೇಳಬಹುದು.

ಕರೆತರುವುದಾದರೆ ಖರ್ಚಿನ ಪಾಲನ್ನೂ, ವೈನಿಗೆ ಸಿಕ್ಕ ಬಿಡುವು ನಿಮಗೂ ಯಾವಾಗ ಸಿಗಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಸ್ನಾನ ಮಾಡಿಸುವಾಗ ಹಳೆಯ ಸಿಟ್ಟಿಗೆ ಕೈ ಒರಟಾಗುತ್ತಿದೆ ಎನಿಸಿದ ದಿನ, ಆ ಕೆಲಸಕ್ಕೆ ಸಂಬಳದವರನ್ನು ಇಡಿ. ಆ ಸಂಬಳದಲ್ಲಿ ಅರ್ಧವನ್ನು ಅಣ್ಣ ಕೊಡಲಿ.