ದ್ರಾಕ್ಷಿಗೆ ಹೊಡೆಯುವ ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಹಚ್ಚಿದರೆ ಕೂದಲು ಬರುತ್ತದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ವಯಸ್ಸು 27, ಎರಡು ವರ್ಷದಿಂದ ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯುತ್ತಿದೆ ಎಂದಿದ್ದೀರಿ. ಜೊತೆಗೆ ಹಳದಿ ಜಿಡ್ಡಿನ ಹೊಟ್ಟು, ತುರಿಕೆ. ಪುಣೆ ಬಳಿಯ ಪಿಂಪ್ರಿಯ ಮನೆಗೆ ಟ್ಯಾಂಕರ್ ನೀರು. ಊರಲ್ಲಿ, ವಿಜಯಪುರದ ಕಡೆ, ದ್ರಾಕ್ಷಿ ತೋಟಕ್ಕೆ ತಂದ ಗಂಧಕದ ಚೀಲ ಉಳಿದಿದೆ, ಅದನ್ನೇ ಎಣ್ಣೆಯಲ್ಲಿ ಕಾಯಿಸಿ ಹಚ್ಚಿಕೋ ಎಂದು ಸೋದರಮಾವ ಹೇಳಿದ್ದಾರೆ. ಗಂಧಕ ಹೊಟ್ಟಿಗೆ ಕೆಲಸ ಮಾಡುತ್ತದೆ. ಹಣೆಯ ಮೂಲೆಗೆ ಮಾಡುವುದಿಲ್ಲ.

ಮೊದಲು ಆ ಚೀಲದ ವಿಷಯ. ಬೂದಿ ರೋಗಕ್ಕೆ ಹೊಡೆಯುವ 80 ಡಬ್ಲ್ಯೂಪಿ (ನೀರಿನಲ್ಲಿ ಬೆರೆಸುವ ಪುಡಿ) ಅಥವಾ 80 ಡಬ್ಲ್ಯೂಡಿಜಿ (ನೀರಿನಲ್ಲಿ ಬೆರೆಸುವ ಹರಳು) ಅಂದರೆ ನೂರರಲ್ಲಿ 80 ಪಾಲು ಗಂಧಕ. ಉಳಿದದ್ದು, ಪುಡಿ ನೀರಿನಲ್ಲಿ ಬೆರೆಯಲಿ, ಎಲೆಯ ಮೇಲೆ ಹರಡಲಿ ಎಂದು ಸೇರಿಸಿದ ರಾಸಾಯನಿಕಗಳು. ಎಲೆಗಾಗಿ ಮಾಡಿದ ಅದನ್ನು ನೆತ್ತಿಗೆ ಹಚ್ಚಬೇಡಿ. ಗ್ರಂಧಿಗೆ ಅಂಗಡಿಯ ಹಳದಿ ಗಂಧಕದ ಗಟ್ಟಿಯೂ ಬೇಡ, ಅದರ ಶುದ್ಧತೆಗೆ ಖಾತ್ರಿ ಇರುವುದಿಲ್ಲ.

ಕಾಯಿಸುವುದಂತೂ ಖಂಡಿತ ಬೇಡ. ಗಂಧಕ ಎಣ್ಣೆಯಲ್ಲಿ ಕರಗುವುದೇ ಬಹಳ ಕಡಿಮೆ, ಹಾಗಾಗಿ ಕರಗಿಸುವ ಹಟಕ್ಕೆ ಬಿದ್ದು ಉರಿ ಹೆಚ್ಚಿಸುತ್ತಾರೆ. ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ ಅದು ತಾನೇ ದ್ರವವಾಗಿ ತಳದಲ್ಲಿ ಕೂರುತ್ತದೆ. ಇನ್ನೂ ಕಾದರೆ ಎಣ್ಣೆಯೊಡನೆ ಸೇರಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಬೆಂಕಿ ತಗುಲಿದರೆ ಸಲ್ಫರ್ ಡೈಆಕ್ಸೈಡ್ ಹೊಗೆ ಏಳುತ್ತದೆ. ಒಂದೇ ಕಿಟಕಿಯ ಅಡುಗೆಮನೆಯಲ್ಲಿ ಇವೆರಡೂ ಅಪಾಯ. ಮನೆಯಲ್ಲಿ ದಮ್ಮು ಇರುವವರಿದ್ದರೆ ಇನ್ನೂ ಅಪಾಯ.

ಕೂದಲಿನಲ್ಲಿ ಗಂಧಕವಿದೆ, ಆದ್ದರಿಂದ ಗಂಧಕ ಹಚ್ಚಿದರೆ ಕೂದಲು ಬೆಳೆಯುತ್ತದೆ ಎಂಬ ಮಾತು ಎಲ್ಲಿಂದ ಬಂತು? ಅದರ ಮೊದಲರ್ಧ ನಿಜ. ಕೂದಲಿನ ಕೆರಾಟಿನ್‌ನಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಅದರೊಳಗಿನ ಗಂಧಕದ ಕೊಂಡಿಗಳೇ ಕೂದಲಿಗೆ ಗಟ್ಟಿತನ ಕೊಡುವುದು. ಆದರೆ ಆ ಸಿಸ್ಟೀನ್ ಬುಡಕ್ಕೆ ಬರುವುದು ರಕ್ತದಿಂದ, ಅಂದರೆ ನೀವು ತಿಂದ ಬೇಳೆ, ಮೊಟ್ಟೆ, ಮೊಸರು, ರಾಗಿಯಿಂದ. ಹೊರಗೆ ಹಚ್ಚಿದ ಪುಡಿಯನ್ನು ಬೇರು ಹೀರಿಕೊಂಡು ಸಿಸ್ಟೀನ್ ಮಾಡಿಕೊಳ್ಳುವುದಿಲ್ಲ. ಚರ್ಮದಿಂದ ಹೊರಗೆ ಕಾಣುವ ಕೂದಲಂತೂ ಜೀವವಿಲ್ಲದ ಎಳೆ.

ಹಾಗಾದರೆ ಗಂಧಕ ಮಾಡುವುದೇನು? ಚರ್ಮದ ಮೇಲ್ಪದರದ ಸತ್ತ ಕೋಶಗಳ ಅಂಟು ಸಡಿಲಿಸಿ ಹೊಟ್ಟಿನ ಪದರವನ್ನು ಬಿಡಿಸುತ್ತದೆ. ನೆತ್ತಿಯ ಜಿಡ್ಡು ತಿಂದು ಬೆಳೆಯುವ ಮಲಸೀಜಿಯಾ ಎಂಬ ಯೀಸ್ಟನ್ನು ತಗ್ಗಿಸುತ್ತದೆ. ತುರಿಕೆ ನಿಂತರೆ ಕೆರೆತ ನಿಲ್ಲುತ್ತದೆ, ಕೆರೆತದಿಂದ ತುಂಡಾಗುತ್ತಿದ್ದ ಕೂದಲು ಉಳಿಯುತ್ತದೆ, ಉರಿಯೂತದಿಂದ ಉದುರುತ್ತಿದ್ದದ್ದು ಹತೋಟಿಗೆ ಬರುತ್ತದೆ. ಗಂಧಕದಿಂದ ಕೂದಲು ಬಂತು ಎನ್ನುವವರಲ್ಲಿ ಬಹಳಷ್ಟು ಜನರಿಗೆ ಆಗಿರುವುದು ಇದೇ. ಇನ್ನು ಕೆಲವರಿಗೆ ಡೆಂಗಿಯೋ ಟೈಫಾಯ್ಡೋ ಬಂದು ಎರಡು-ಮೂರು ತಿಂಗಳ ಮೇಲೆ ಕೂದಲು ಗೊಂಚಲಾಗಿ ಉದುರಿರುತ್ತದೆ. ಅದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ, ಆ ಹೊತ್ತಿಗೆ ಏನು ಹಚ್ಚುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ.

ನಿಮ್ಮ ಹೊಟ್ಟಿಗೆ ನಾನು ಮೊದಲು ಹೇಳುವುದು ಆ ಯೀಸ್ಟನ್ನು ತಗ್ಗಿಸುವ ಕಿಟೋಕೋನಜೋಲ್ ಔಷಧದ 2 ಪರ್ಸೆಂಟ್ ಶಾಂಪೂ. ವಾರಕ್ಕೆ ಎರಡು ಸಲ, ನಾಲ್ಕು ವಾರ. ನೊರೆ ಮಾಡಿ ಐದು ನಿಮಿಷ ತಲೆಯ ಮೇಲೆ ಬಿಡಬೇಕು. ಹಚ್ಚಿ ತಕ್ಷಣ ತೊಳೆದುಬಿಟ್ಟು "ಕೆಲಸ ಮಾಡಲಿಲ್ಲ" ಎನ್ನುವವರೇ ಜಾಸ್ತಿ. ಹೊಟ್ಟು ದಪ್ಪ ಪದರವಾಗಿ ಅಂಟಿಕೊಂಡಿದ್ದರೆ ಮಾತ್ರ ಗಂಧಕ ತನ್ನ ಬೆಲೆ ತೋರಿಸುತ್ತದೆ. ಕೆಮಿಸ್ಟ್ ಬಳಿ ಗಂಧಕ ಮತ್ತು ಸ್ಯಾಲಿಸಿಲಿಕ್ ಆಮ್ಲ ಎರಡೂ ಇರುವ ಸಿದ್ಧ ಔಷಧ ಕೇಳಿ. ಲೇಬಲ್ ಓದಿ: ಗಂಧಕ 2ರಿಂದ 5 ಪರ್ಸೆಂಟ್, ಸ್ಯಾಲಿಸಿಲಿಕ್ ಆಮ್ಲ 2ರಿಂದ 3 ಪರ್ಸೆಂಟ್ ಇದ್ದರೆ ಸಾಕು. ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರು ಕಂಡರೆ ಅದು ಸ್ಟಿರಾಯ್ಡ್. ಚೀಟಿ ಇಲ್ಲದೆ ಕೊಟ್ಟರೂ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಬೇಡಿ, ಚರ್ಮ ತೆಳ್ಳಗಾಗುತ್ತದೆ.

ಮನೆಯಲ್ಲೇ ಕಲಸಬೇಕೆಂದಿದ್ದರೆ ಪ್ರೆಸಿಪಿಟೇಟೆಡ್ ಸಲ್ಫರ್ ಎಂಬ ಔಷಧ ದರ್ಜೆಯ ಪುಡಿಯನ್ನೇ ತನ್ನಿ. ಅದರ ಕಣ ಬಹಳ ನುಣುಪು, ನೆತ್ತಿಗೆ ಮರಳಿನಂತೆ ಉಜ್ಜುವುದಿಲ್ಲ. 1 ಗ್ರಾಂ ಗಂಧಕಕ್ಕೆ 49 ಗ್ರಾಂ ಬಿಳಿ ವ್ಯಾಸಲೀನ್ ಸೇರಿಸಿದರೆ 2 ಪರ್ಸೆಂಟ್ ಆಯಿತು, ಶುರುವಿಗೆ ಅಷ್ಟೇ ಇರಲಿ. ಚಮಚದಲ್ಲಿ ಅಳೆಯಬೇಡಿ, ಸಣ್ಣ ಡಿಜಿಟಲ್ ತಕ್ಕಡಿ ಬೇಕು. ನೂರು ಗ್ರಾಂಗೆ ಎರಡು ಚಮಚ ತುಂಬಿಸಿ ಹಾಕಿದರೆ ಸುಲಭವಾಗಿ 10 ಪರ್ಸೆಂಟ್ ಹತ್ತಿರ ಹೋಗುತ್ತದೆ, ಅದು ಕಜ್ಜಿಯ ಮುಲಾಮಿನ ಪ್ರಮಾಣ. ನೆತ್ತಿ ಒಣಗಿ, ಕೆಂಪಾಗಿ, ಸಿಪ್ಪೆ ಏಳುತ್ತದೆ. ಆಗ ಅದನ್ನು ಹೊಟ್ಟು ಹೆಚ್ಚಾಯಿತು ಎಂದು ತಿಳಿದು ಇನ್ನಷ್ಟು ಹಚ್ಚುತ್ತಾರೆ. ಹದಗೆಡುವುದು ಹೆಚ್ಚಾಗಿ ಇಲ್ಲೇ.

ಕಲಸುವ ರೀತಿ ಹೀಗೆ. ಗಾಜಿನ ತಟ್ಟೆಯ ಮೇಲೆ ಪುಡಿ ಹಾಕಿ, ನಾಲ್ಕೈದು ಹನಿ ಲಿಕ್ವಿಡ್ ಪ್ಯಾರಾಫಿನ್ ಬಿಟ್ಟು, ಚಪ್ಪಟೆ ಚಾಕುವಿನ ಬೆನ್ನಿನಿಂದ ಗಂಟಿಲ್ಲದ ಹಾಗೆ ಅರೆಯಿರಿ. ಇದಕ್ಕೆ ಅಷ್ಟೇ ಅಳತೆಯ ವ್ಯಾಸಲೀನ್ ಸೇರಿಸಿ ಕಲಸಿ. ಒಟ್ಟಾದದ್ದಕ್ಕೆ ಮತ್ತೆ ಅಷ್ಟೇ. ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ಗಂಧಕ ಎಲ್ಲೆಡೆ ಸಮನಾಗಿ ಹರಡುತ್ತದೆ. ಒಂದೇ ಸಲಕ್ಕೆ ಸುರಿದರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಪ್ಪೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದರೆ ತಳಕ್ಕೆ ಇಳಿಯುತ್ತದೆ, ಸೀಸೆಯ ಕೊನೆಯ ಭಾಗ ಬಹಳ ಖಾರವಾಗುತ್ತದೆ. ಅಲ್ಲದೆ ಹೊಟ್ಟಿರುವ ತಲೆಗೆ ಎಣ್ಣೆ ಹಾಕಿದರೆ ಆ ಯೀಸ್ಟಿಗೆ ಊಟ ಹಾಕಿದಂತೆ. ಹೊಟ್ಟು ಹೋಗುವ ತನಕ ರಾತ್ರಿಯಿಡೀ ಎಣ್ಣೆ ಇಟ್ಟುಕೊಳ್ಳುವ ಅಭ್ಯಾಸ ಬಿಡಿ.

ಹಚ್ಚುವ ಮೊದಲು ಕಿವಿಯ ಹಿಂದೆ ಕಡಲೆಕಾಳಿನಷ್ಟು ಹಚ್ಚಿ ಎರಡು ದಿನ ನೋಡಿ. ಉರಿ, ಗುಳ್ಳೆ ಬಂದರೆ ಬಿಟ್ಟುಬಿಡಿ. ಸಲ್ಫಾ ಎಂಬ ಆಂಟಿಬಯೋಟಿಕ್ ಮಾತ್ರೆ ಆಗದವರಿಗೆ ಗಂಧಕವೂ ಆಗದು ಎಂಬುದು ಸರಿಯಲ್ಲ, ಅವು ಬೇರೆ ಬೇರೆ ವಸ್ತುಗಳು. ಆದರೂ ಪರೀಕ್ಷೆ ಎಲ್ಲರಿಗೂ ಬೇಕು.

ಈ ಮುಲಾಮು ಹಚ್ಚಲು ಭಾನುವಾರ ಮತ್ತು ಬುಧವಾರ ಎಂದು ಇಟ್ಟುಕೊಳ್ಳಿ. ಉಂಗುರ, ಬೆಳ್ಳಿ ಸರ ತೆಗೆದಿಡಿ, ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಒಣ ತಲೆಯಲ್ಲಿ ಎರಡು ಬೆರಳಗಲಕ್ಕೆ ಒಂದೊಂದು ಬೈತಲೆ ತೆಗೆದು, ಬೆರಳ ತುದಿಯಿಂದ ಚರ್ಮಕ್ಕೆ ತೆಳ್ಳಗೆ ಸವರಿ. ಇಡೀ ತಲೆಗೆ 4-5 ಗ್ರಾಂ ಸಾಕು. ಮೊದಲ ವಾರ ಅರ್ಧ ಗಂಟೆ, ತಡೆದುಕೊಂಡರೆ ಮುಂದೆ ಒಂದು ಗಂಟೆ. ಪ್ಲಾಸ್ಟಿಕ್ ಟೋಪಿ ಹಾಕಿ ಮಲಗಬೇಡಿ. ವ್ಯಾಸಲೀನ್ ನೀರಿಗೆ ಬಿಡುವುದಿಲ್ಲವಾದ್ದರಿಂದ ಒಣ ಕೂದಲಿಗೇ ಶಾಂಪೂ ಹಾಕಿ ಉಜ್ಜಿ, ಆಮೇಲೆ ನೀರು, ಎರಡು ಸಲ. ಟ್ಯಾಂಕರ್ ನೀರು ಗಡಸಾಗಿದ್ದರೆ ನೊರೆ ಬರದೆ ಜಿಡ್ಡು ಉಳಿಯುತ್ತದೆ, ಕೊನೆಯ ಎರಡು ತಂಬಿಗೆ ಕುಡಿಯುವ ನೀರು ಹಾಕಿಕೊಳ್ಳಿ. ಗಡಸು ನೀರಿನಿಂದ ಕೂದಲು ಒರಟಾಗಿ ತುಂಡಾಗುತ್ತದೆ, ಆದರೆ ಹಣೆಯ ಮೂಲೆ ಹಿಂದೆ ಸರಿಯುವುದಕ್ಕೆ ನೀರು ಕಾರಣವಲ್ಲ. ಪುಣೆಗೆ ಬಂದವರೆಲ್ಲ ಮೊದಲು ಬೈಯುವುದು ನೀರನ್ನೇ.

ನಾಲ್ಕು ವಾರದಲ್ಲಿ ಹೊಟ್ಟು ಇಳಿಯದಿದ್ದರೆ ನಿಲ್ಲಿಸಿ, ಅದು ಹೊಟ್ಟೇ ಅಲ್ಲದಿರಬಹುದು. ಬೆಳ್ಳಿಯಂಥ ದಪ್ಪ ಹಕ್ಕಳೆ ಕೂದಲಿನ ಗಡಿ ದಾಟಿ ಹಣೆಗೆ ಬಂದಿದ್ದರೆ ಸೋರಿಯಾಸಿಸ್ ಇರಬಹುದು. ಗುಂಡಗೆ ಬೋಳಾಗಿ ಅದರೊಳಗೆ ತುಂಡು ಕೂದಲು, ಹಕ್ಕಳೆ ಇದ್ದರೆ, ಅದೂ ಮಕ್ಕಳಲ್ಲಿ, ಅದು ಹುಳುಕಡ್ಡಿ ಇರಬಹುದು. ಅದಕ್ಕೆ ನುಂಗುವ ಔಷಧವೇ ಬೇಕು.

ಈರುಳ್ಳಿ ರಸದ ಬಗ್ಗೆಯೂ ಕೇಳಿದ್ದೀರಿ. ಅದರಲ್ಲೂ ಗಂಧಕದ ಸಂಯುಕ್ತಗಳಿವೆ. 2002ರಲ್ಲಿ ಇರಾಕ್‌ನ ವೈದ್ಯರು ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ ರಸ ಹಚ್ಚಿದ 23 ಜನರಲ್ಲಿ 20 ಮಂದಿಗೆ ಆರು ವಾರದಲ್ಲಿ ಕೂದಲು ಮರಳಿತ್ತು, ಬರೀ ನೀರು ಹಚ್ಚಿದ 15ರಲ್ಲಿ 2 ಮಂದಿಗೆ. ಆದರೆ ಅವರಿಗೆಲ್ಲ ಇದ್ದದ್ದು ನಾಣ್ಯದ ಗಾತ್ರಕ್ಕೆ ಬೋಳಾಗುವ ಅಲೋಪೇಶಿಯಾ ಏರಿಯಾಟಾ. ನಿಮ್ಮದು ಅದಲ್ಲ.

ನಿಮ್ಮ ಹಣೆಯ ಮೂಲೆಯ ವರ್ಣನೆ ಗಂಡಸರ ವಂಶಪಾರಂಪರ್ಯ ಬೋಳುತನಕ್ಕೆ ಹೊಂದುತ್ತದೆ. ಅಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿನ ಪ್ರಭಾವದಿಂದ ಬೇರು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ, ಗಂಧಕ ಅದನ್ನು ಮುಟ್ಟುವುದೇ ಇಲ್ಲ. ಬೇರು ಪೂರ್ತಿ ಮುದುಡುವ ಮೊದಲು ಚಿಕಿತ್ಸೆ ಶುರುವಾಗಬೇಕು, ಆದ್ದರಿಂದ ಗಂಧಕದಲ್ಲಿ ಒಂದು ವರ್ಷ ಕಳೆಯಬೇಡಿ ಎಂದು ಕಳಕಳಿಯಿಂದ ಹೇಳುತ್ತಿದ್ದೇನೆ. ಚರ್ಮವೈದ್ಯರಿಗೆ ತೋರಿಸಿ. ಗಂಡಸರಿಗೆ ಸಾಮಾನ್ಯವಾಗಿ ಕೊಡುವುದು ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧ, 5 ಪರ್ಸೆಂಟ್, ದಿನಕ್ಕೆ ಎರಡು ಸಲ 1 ಮಿಲಿ, ಒಣ ನೆತ್ತಿಗೆ. ಮೊದಲ ಎರಡು ತಿಂಗಳಲ್ಲಿ ಉದುರುವುದು ಸ್ವಲ್ಪ ಹೆಚ್ಚಬಹುದು, ಹೆದರಿ ಬಿಡಬೇಡಿ. ನಾಲ್ಕು ತಿಂಗಳ ಮೊದಲು ಫಲ ಅಳೆಯಲು ಬರುವುದಿಲ್ಲ. ನಿಲ್ಲಿಸಿದರೆ ಬಂದದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ.

ಗಂಧಕ, ಮಿನಾಕ್ಸಿಡಿಲ್ ಎರಡನ್ನೂ ಒಟ್ಟಿಗೆ ಶುರುಮಾಡಬೇಡಿ. ಗಂಧಕದಿಂದ ಸಿಪ್ಪೆ ಎದ್ದ ಚರ್ಮದ ಮೂಲಕ ಮಿನಾಕ್ಸಿಡಿಲ್ ಹೆಚ್ಚು ಒಳಗಿಳಿಯುತ್ತದೆ, ಉರಿಯೂ ಏಳುತ್ತದೆ. ಮೊದಲು ನಾಲ್ಕು ವಾರ ಹೊಟ್ಟು ಇಳಿಸಿ, ಒಂದು ವಾರ ನೆತ್ತಿಗೆ ಬಿಡುವು ಕೊಟ್ಟು, ಆಮೇಲೆ ಮಿನಾಕ್ಸಿಡಿಲ್. ಶುರುಮಾಡುವ ದಿನ ಕಿಟಕಿಯ ಬೆಳಕಿನಲ್ಲಿ ಎರಡೂ ಮೂಲೆಗಳ ಫೋಟೋ ತೆಗೆದಿಡಿ. ಮುಂದೆ ತಿಂಗಳಿಗೊಂದು, ಅದೇ ಜಾಗ, ಅದೇ ಹೊತ್ತು, ಒಣ ಕೂದಲು.