ಕಾಣದ ದೇಶದ ವ್ಯಾಪಾರಿಯನ್ನು ನಂಬುವುದು ಹೇಗೆ?

ಪ್ರಶ್ನೆ: ಇಷ್ಟು ವರ್ಷ ಊರಿನ ವರ್ತಕರಿಗೇ ಕಾಫಿ ಮಾರುತ್ತಿದ್ದೆವು. ಈಗ ಜೋರ್ಡಾನ್‌ನಿಂದ ಒಂದು ಕಂಟೇನರ್ ರೊಬಸ್ಟಾಕ್ಕೆ ಬೇಡಿಕೆ ಬಂದಿದೆ. ಮುಂಗಡ ಕೊಡಲು ಅವರು ಒಪ್ಪುತ್ತಿಲ್ಲ, ಸರಕು ಮುಟ್ಟಿದ ಮೇಲೆ ದುಡ್ಡು ಎಂದರೆ ನಮಗೆ ಧೈರ್ಯ ಬರುತ್ತಿಲ್ಲ. ಬ್ಯಾಂಕಿನವರು ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಮಾಡಿಸಿ ಎನ್ನುತ್ತಾರೆ. ನಂಬಬಹುದೇ? (ಸಕಲೇಶಪುರ)

ಉತ್ತರ: ನಂಬಬಹುದು. ಆದರೆ ಯಾರನ್ನು ನಂಬುತ್ತಿದ್ದೀರಿ ಎಂಬುದು ಮೊದಲು ತಿಳಿದಿರಲಿ. ಎಲ್‌ಸಿ ಎಂದರೆ ಕೊಳ್ಳುವವರ ಬ್ಯಾಂಕು ನಿಮಗೆ ಕೊಡುವ ಮಾತು: ಹೇಳಿದ ಕಾಗದಪತ್ರಗಳನ್ನು ಹೇಳಿದ ದಿನದೊಳಗೆ ಒಪ್ಪಿಸಿದರೆ ಹಣ ಕೊಡುತ್ತೇನೆ ಎಂದು. ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ರೂಪಿಸಿದ ಯುಸಿಪಿ 600 ನಿಯಮಗಳು 2007ರ ಜುಲೈ 1ರಿಂದ ಇದಕ್ಕೆ ಆಧಾರ. ಆ ನಿಯಮದಡಿ ಬಂದ ಎಲ್‌ಸಿಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ರದ್ದು ಮಾಡುವಂತಿಲ್ಲ, ತಿದ್ದುವಂತೆಯೂ ಇಲ್ಲ.

ಕೊಳ್ಳುವವರು ಇಮೇಲಿನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚಿ ಮೂಟೆ ಕಟ್ಟಬೇಡಿ. ಎಲ್‌ಸಿ, ಬ್ಯಾಂಕುಗಳ ನಡುವಣ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ನಿಮ್ಮ ಬ್ಯಾಂಕಿಗೇ ಬರಬೇಕು. ಅಲ್ಲಿ ‘ಅಡ್ವೈಸ್’ ಮಾಡಿದ್ದಾರೋ ‘ಕನ್ಫರ್ಮ್’ ಮಾಡಿದ್ದಾರೋ ಕೇಳಿ. ಅಡ್ವೈಸ್ ಎಂದರೆ ಈ ಪತ್ರ ಅಸಲಿ ಎಂದಷ್ಟೇ ಅರ್ಥ. ಕನ್ಫರ್ಮ್ ಆಗಿದ್ದರೆ ಕೊಳ್ಳುವವರ ಬ್ಯಾಂಕು ಕೈಯೆತ್ತಿದರೂ, ಆ ದೇಶದಲ್ಲಿ ಡಾಲರ್ ಬರಿದಾದರೂ, ಕನ್ಫರ್ಮ್ ಮಾಡಿದ ಬ್ಯಾಂಕೇ ಹಣ ಕೊಡಬೇಕು. ಅದಕ್ಕೆ ಬೇರೆ ಶುಲ್ಕವಿದೆ. ಮೊದಲ ವ್ಯವಹಾರದಲ್ಲಿ ಆ ಖರ್ಚಿಗೆ ಹಿಂಜರಿಯಬಾರದು.

ಎಲ್‌ಸಿ ತೆರೆಯುವ ಮುನ್ನ ಅದರ ಕರಡು ತರಿಸಿಕೊಂಡು ಸಾಲು ಸಾಲಾಗಿ ಓದಿ. ಎಲ್ಲಕ್ಕಿಂತ ಅಪಾಯದ ಷರತ್ತು ಒಂದಿದೆ: ‘ಕೊಳ್ಳುವವರ ಸಹಿಯಿರುವ ತಪಾಸಣಾ ಪ್ರಮಾಣಪತ್ರ ಲಗತ್ತಿಸಬೇಕು.’ ಇದಕ್ಕೆ ಒಪ್ಪಿದರೆ ಬ್ಯಾಂಕಿನ ಭರವಸೆಯ ಬೀಗದಕೈ ಮತ್ತೆ ಕೊಳ್ಳುವವರ ಜೇಬಿಗೇ ಹೋಯಿತು. ಅವರು ಸಹಿ ಹಾಕದಿದ್ದರೆ ನಿಮಗೆ ಹಣವಿಲ್ಲ. ತೆಗೆಸಿ ಹಾಕಿ, ಆಗದಿದ್ದರೆ ಆ ವ್ಯವಹಾರವೇ ಬೇಡ.

ಪ್ರಶ್ನೆ: ಸರಕು ಹಡಗೇರಿದೆ. ಆದರೆ ಕಾಗದಪತ್ರದಲ್ಲಿ ತಕರಾರಿದೆ ಎಂದು ವಿದೇಶಿ ಬ್ಯಾಂಕು ಹಣ ತಡೆದಿದೆ. ಕಾಫಿ ಚೆನ್ನಾಗಿದ್ದರೂ ಹೀಗೇಕೆ? (ಚಿಕ್ಕಮಗಳೂರು)

ಉತ್ತರ: ಬ್ಯಾಂಕು ಕಾಫಿ ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತದೆ. ಅದಕ್ಕೆ ಬೀಜದ ಗುಣ ಅಳೆಯುವ ಹೊಣೆ ಹೊರಿಸಿದರೆ ಯಾವ ಬ್ಯಾಂಕೂ ಎಲ್‌ಸಿ ಕೊಡಲು ಮುಂದೆ ಬರದು.

ತಕರಾರು ಹಲವು ಸಲ ಹುಟ್ಟುವುದು ಇನ್‌ವಾಯ್ಸ್‌ನಲ್ಲಿ, ಅಂದರೆ ನೀವು ಕೊಡುವ ಸರಕಿನ ಬಿಲ್ಲಿನಲ್ಲಿ. ಸರಕಿನ ವಿವರಣೆ ಅಲ್ಲಿ ಎಲ್‌ಸಿಗೆ ತಾಳೆಯಾಗಲೇಬೇಕು. ‘ಇಂಡಿಯನ್ ರೊಬಸ್ಟಾ ಚೆರಿ ಎಬಿ’ ಎಂದು ಎಲ್‌ಸಿ ಹೇಳಿದರೆ ನೀವೂ ಅದನ್ನೇ ಬರೆಯಿರಿ. ಉಳಿದ ದಾಖಲೆಗಳಲ್ಲಿ ಸಾಮಾನ್ಯ ಪದ ಸಾಕು, ಒಂದಕ್ಕೊಂದು ವಿರೋಧವಾಗಬಾರದು ಅಷ್ಟೆ. ಸರಕು ಯಾವ ದೇಶದ್ದೆಂದು ಹೇಳುವ ಕಾಫಿ ಮಂಡಳಿಯ ಮೂಲ ಪ್ರಮಾಣಪತ್ರದಲ್ಲಿ ಭಾರತದ ಸಂಕೇತ 14ರಿಂದ ಶುರುವಾಗುವ ಗುರುತು ಇರುತ್ತದೆ: ದೇಶ, ರಫ್ತುದಾರ, ಲಾಟ್. ಚೀಲದ ಮೇಲಿನದೂ ಹಡಗು ಕಂಪನಿ ಕೊಡುವ ಸರಕು ರಸೀತಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿರುವುದೂ ಇದಕ್ಕೆ ಹೊಂದಬೇಕು. ಲಾಟ್ ಸಂಖ್ಯೆಯಲ್ಲಿ ಒಂದಂಕಿ ಹೆಚ್ಚುಕಡಿಮೆಯಾದರೂ ಕೆಲಸ ನಿಂತುಹೋಗುತ್ತದೆ.

ಇನ್ನೊಂದು ಎಡವಟ್ಟು ಪ್ರಮಾಣದ್ದು. 20 ಅಡಿ ಕಂಟೇನರಿಗೆ 60 ಕಿಲೋದ 320 ಚೀಲ, ಅಂದರೆ 19.2 ಟನ್, ತುಂಬುವುದುಂಟು. ಎಲ್‌ಸಿಯಲ್ಲಿ ಬರೀ ಟನ್ ಲೆಕ್ಕವಿದ್ದರೆ, ಒಟ್ಟು ಮೊತ್ತ ಮೀರದ ಹಾಗೆ, ಶೇ. 5ರಷ್ಟು ಏರುಪೇರಿಗೆ ಅವಕಾಶವಿದೆ. ‘320 ಚೀಲ’ ಎಂದು ಬರೆಸಿದರೆ ಆ ಅವಕಾಶ ಇಲ್ಲ. ಒಂದು ಚೀಲ ಒದ್ದೆಯಾಗಿ ಕೆಳಗಿಳಿಸಿದರೂ ತಕರಾರೇ.

ಈಗ ನೀವು ಮಾಡಬೇಕಾದದ್ದು: ನಿರಾಕರಣೆಯ ಪತ್ರದ ದಿನಾಂಕ ನೋಡಿ. ದಾಖಲೆ ಕೈಸೇರಿದ ಮಾರನೆಯ ದಿನದಿಂದ ಐದು ಬ್ಯಾಂಕ್ ದಿನಗಳೊಳಗೆ ಎಲ್ಲ ತಕರಾರುಗಳನ್ನೂ ಒಂದೇ ಪತ್ರದಲ್ಲಿ ಹೇಳದಿದ್ದರೆ ತಕರಾರೆತ್ತುವ ಹಕ್ಕನ್ನು ಬ್ಯಾಂಕು ಕಳೆದುಕೊಳ್ಳುತ್ತದೆ. ಪತ್ರ ಸರಿಯಾಗಿಯೇ ಬಂದಿದ್ದರೆ ಇನ್‌ವಾಯ್ಸ್ ತಿದ್ದಿ ಮತ್ತೆ ಒಪ್ಪಿಸಿ. ಎಲ್‌ಸಿ ಬೇರೆ ಗಡುವು ಹೇಳದಿದ್ದರೆ, ಹಡಗೇರಿದ ದಿನದಿಂದ 21 ದಿನದೊಳಗೆ, ಎಲ್‌ಸಿಯ ಅವಧಿಯೂ ಮುಗಿಯುವ ಮೊದಲು ಅದು ಆಗಬೇಕು. ಆದ್ದರಿಂದಲೇ ದಾಖಲೆಗಳನ್ನು ಐದಾರನೆಯ ದಿನವೇ ಕೊಡಿ ಎನ್ನುವುದು. ಇಪ್ಪತ್ತನೆಯ ದಿನ ಕೊಟ್ಟವರಿಗೆ ತಿದ್ದಲು ವೇಳೆಯೇ ಉಳಿಯುವುದಿಲ್ಲ.

ಪ್ರಶ್ನೆ: ನಾವು ಯಂತ್ರದ ಬಿಡಿಭಾಗ ಆಮದು ಮಾಡುವವರು. ಕಾಗದ ಸರಿಯಿದ್ದು ಪೆಟ್ಟಿಗೆಯಲ್ಲಿ ಗುಜರಿ ಬಂದರೆ? (ಬೆಂಗಳೂರು, ಪೀಣ್ಯ)

ಉತ್ತರ: ಇದೇ ಪ್ರಶ್ನೆ 1941ರಲ್ಲಿ ನ್ಯೂಯಾರ್ಕ್ ನ್ಯಾಯಾಲಯದ ಮುಂದೆ ಬಂದಿತ್ತು, ಅದೂ ಭಾರತದ ಸರಕಿನ ವಿಚಾರದಲ್ಲಿ. ಬ್ರಷ್ಷಿಗೆ ಬೇಕಾದ ಬಿರುಗೂದಲು ಕಳಿಸಬೇಕಿದ್ದ ಲಖನೌದ ವ್ಯಾಪಾರಿ 50 ಪೆಟ್ಟಿಗೆಗಳಲ್ಲಿ ದನದ ಕೂದಲು, ಕಸ ತುಂಬಿ ಕಳಿಸಿದ ಎಂಬುದು ಆರೋಪ. ಹಾಗೆ ಬೇಕೆಂದೇ ಮೋಸ ನಡೆದಿದ್ದು ಹಣ ಕೊಡುವ ಮೊದಲೇ ಗೊತ್ತಾದರೆ, ಕಾಗದ ಸರಿಯಿದ್ದರೂ ಪಾವತಿಯನ್ನು ತಡೆಯಬಹುದು ಎಂದಿತು ನ್ಯಾಯಾಲಯ. ಆದರೆ ಸರಕು ಕಳಪೆ ಎಂಬ ದೂರಿಗೆ ಈ ದಾರಿ ತೆರೆಯದು. ಮೋಸವನ್ನು ಸಾಬೀತುಪಡಿಸುವುದು ಕಷ್ಟ, ಅಷ್ಟರಲ್ಲಿ ಹಣ ಹೋಗಿರುತ್ತದೆ. ಅದಕ್ಕಿಂತ, ಇಬ್ಬರೂ ಒಪ್ಪಿದ ಮೂರನೆಯ ತಪಾಸಣಾ ಸಂಸ್ಥೆಯ ಹೆಸರನ್ನೇ ಎಲ್‌ಸಿಯಲ್ಲಿ ಬರೆಸಿ. ಕಂಟೇನರ್ ತುಂಬುವಾಗ ಅವರು ಎದುರಿಗಿರಬೇಕು. ಅವರ ಪ್ರಮಾಣಪತ್ರದಲ್ಲಿ ಬರೆದ ಸೀಲ್ ಸಂಖ್ಯೆ ಬಿಲ್ ಆಫ್ ಲೇಡಿಂಗ್‌ನದಕ್ಕೆ ಹೊಂದಬೇಕು.

ಪ್ರಶ್ನೆ: ಜಗಳವಾದರೆ ಯಾವ ದೇಶದ ಕೋರ್ಟಿಗೆ ಹೋಗುವುದು? (ಮಂಗಳೂರು)

ಉತ್ತರ: ಒಪ್ಪಂದದಲ್ಲೇ ಮಧ್ಯಸ್ಥಿಕೆಯ ಕಲಮು ಹಾಕಿಸಿ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಸೇರಿದ ದೇಶಗಳು ಒಂದರಲ್ಲಿ ಬಂದ ಮಧ್ಯಸ್ಥಿಕೆ ತೀರ್ಪನ್ನು ಇನ್ನೊಂದರಲ್ಲಿ ಜಾರಿ ಮಾಡುತ್ತವೆ. ಭಾರತ 1960ರಿಂದ ಸದಸ್ಯ. ಕೋರ್ಟ್ ತೀರ್ಪಿಗೆ ಈ ಅನುಕೂಲ ಎಲ್ಲೆಡೆ ಇಲ್ಲ. ಉದಾಹರಣೆಗೆ, ಅಮೆರಿಕದ ನ್ಯಾಯಾಲಯದ ತೀರ್ಪು ಹಿಡಿದು ಇಲ್ಲಿ ನೇರವಾಗಿ ಜಾರಿ ಕೇಳುವಂತಿಲ್ಲ, ಹೊಸದಾಗಿ ದಾವೆ ಹೂಡಬೇಕು. ಒಂದು ಎಚ್ಚರ: ಹೊರದೇಶದ ಮಧ್ಯಸ್ಥಿಕೆ ತೀರ್ಪು ಇಲ್ಲಿ ಜಾರಿಯಾಗಬೇಕಾದರೆ, ಮಧ್ಯಸ್ಥಿಕೆ ನಡೆಯುವ ದೇಶವನ್ನು ನಮ್ಮ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚಿಸಿರಬೇಕು. ಒಡಂಬಡಿಕೆಗೆ ಸೇರಿದ ಮಾತ್ರಕ್ಕೆ ಸಾಲದು. ಸ್ಥಳ ಆರಿಸುವ ಮೊದಲೇ ಇದನ್ನು ನೋಡಿಕೊಳ್ಳಿ.

ಪ್ರಶ್ನೆ: ದೇಶದೇಶಗಳ ನಡುವೆಯೂ ಇಂಥದೇ ಕಾಗದವಿದೆಯೇ? (ಧಾರವಾಡ)

ಉತ್ತರ: ಇದೆ. ರಾಯಭಾರಿ ತನ್ನ ರಾಷ್ಟ್ರದ ಮುಖ್ಯಸ್ಥರ ಅಧಿಕಾರ ಪತ್ರವನ್ನು ಹೊತ್ತೇ ಹೋಗಬೇಕು. ಅದಕ್ಕೂ ಮುಂಚೆ, 1961ರ ವಿಯೆನ್ನಾ ಒಡಂಬಡಿಕೆಯ 4ನೇ ವಿಧಿಯಂತೆ, ಆ ವ್ಯಕ್ತಿಗೆ ಆತಿಥೇಯ ದೇಶದ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದರೆ ಅವರು ಕಾರಣ ಹೇಳಬೇಕಾಗಿಲ್ಲ. ಈ ವಿಚಾರಣೆ ಸಾಮಾನ್ಯವಾಗಿ ಗುಟ್ಟಾಗಿಯೇ ನಡೆಯುತ್ತದೆ. ಹೆಸರು ಬಹಿರಂಗವಾಗುವ ಮುನ್ನವೇ ಬೇಡವೆಂದರೆ ಎರಡೂ ಕಡೆಯ ಮಾನ ಉಳಿಯುತ್ತದೆ, ಬೇರೊಬ್ಬರ ಹೆಸರು ಕಳಿಸಲು ದಾರಿಯೂ ಇರುತ್ತದೆ.