ಹಳೇ ಮಿಲಿಟರಿ ಟ್ರಕ್ಕಿಗೆ ಮನೆಯಲ್ಲೇ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೇನೆಯಿಂದ ಹರಾಜಿಗೆ ಬಂದ ಹಳೇ ಟ್ರಕ್ ಒಂದು ನನ್ನ ಹತ್ತಿರ ಇದೆ. ಬಣ್ಣ ಮಾಸಿದೆ, ಕೈ ಸವರಿದರೆ ಹಸಿರು ಪುಡಿ ಬರುತ್ತದೆ. ಹಸಿರು, ಕಂದು, ಕಪ್ಪು ಸೇರಿದ ಕ್ಯಾಮೊಫ್ಲಾಜ್ ನಾನೇ ಹೊಡೆಯಬೇಕು ಅಂತ ಆಸೆ. ಕಂಪ್ರೆಸರ್, ಸ್ಪ್ರೇ ಗನ್ ಇವೆ. ಗ್ರೈಂಡರ್ ಹಿಡಿದು ಹಳೇ ಬಣ್ಣ ಕಿತ್ತುಹಾಕಿ ಶುರು ಮಾಡಲಾ?

ಉತ್ತರ: ಮೊದಲು ಆ ಗ್ರೈಂಡರ್ ಕೆಳಗಿಡಿ ಸಾರ್. ಹಳೇ ಸೇನಾ ಗಾಡಿಗಳ ಬಣ್ಣದಲ್ಲಿ ಸೀಸ, ಅದರಡಿಯ ಪ್ರೈಮರಿನಲ್ಲಿ ಕ್ರೋಮೇಟ್ ಎಂಬ ವಿಷ ಇರುವುದು ಹೊಸದೇನಲ್ಲ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಿದರೆ ಅದು ನಿಮ್ಮ ಎದೆಗೂ ಇಳಿಯುತ್ತದೆ, ಬಟ್ಟೆಗೆ ಅಂಟಿಕೊಂಡು ಮನೆಯೊಳಗಿನ ಮಕ್ಕಳವರೆಗೂ ಹೋಗುತ್ತದೆ. ಸೀಸ ಪತ್ತೆ ಮಾಡುವ ಸಣ್ಣ ಕಿಟ್ ಸಿಗುತ್ತದೆ, ನೋಡಿ. ಇದೆ ಅಂತಾದರೆ, ಅಥವಾ ಅನುಮಾನ ಇದ್ದರೂ ಸರಿ, ವಾಟರ್ ಪೇಪರ್ ತಗೊಂಡು ನೀರು ಹಾಕಿಯೇ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬರುವ ರಾಡಿಯನ್ನು ಮೋರಿಗೆ ಬಿಡದೆ ಬೇರೆಯಾಗಿ ಹಿಡಿದಿಡಿ. ನುಣ್ಣನೆಯ ಧೂಳು ತಡೆಯುವ ಒಳ್ಳೇ ಮಾಸ್ಕ್ ಅಂತೂ ಬೇಕೇ ಬೇಕು.

ಅಂದಹಾಗೆ, ಹಳೇ ಬಣ್ಣವನ್ನೆಲ್ಲ ಕೀಳಬೇಕು ಅಂತ ಯಾರು ಹೇಳಿದರು? ಗಟ್ಟಿಯಾಗಿ ಕೂತಿರುವ ಬಣ್ಣಕ್ಕಿಂತ ಒಳ್ಳೇ ಅಡಿಪಾಯ ಇಲ್ಲ. ಸಡಿಲವಾದ್ದನ್ನು, ತುಕ್ಕಿನ ಉಬ್ಬುಗಳನ್ನು ಮಾತ್ರ ತೆಗೆಯಿರಿ. ಗ್ರೀಸ್ ಇದ್ದರೆ ಉಜ್ಜುವ ಮೊದಲೇ ತೊಳೆಯಿರಿ, ಇಲ್ಲದಿದ್ದರೆ ನೀವೇ ಅದನ್ನು ಗೀರುಗಳೊಳಗೆ ತುಂಬಿದ ಹಾಗಾಗುತ್ತದೆ. ಬರಿ ಕಬ್ಬಿಣ ಕಂಡಲ್ಲಿ ಅದೇ ದಿನ ಪ್ರೈಮರ್ ಹಚ್ಚಿ. ಒದ್ದೆ ತಗಡು ಒಂದೇ ರಾತ್ರಿಯಲ್ಲಿ ಕೆಂಪಗಾಗಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಐದು ನಿಮಿಷದ್ದು. ಮೂಲೆಯಲ್ಲೆಲ್ಲಾದರೂ ಹಳೇ ಬಣ್ಣದ ಮೇಲೆ ಥಿನ್ನರ್ ಬಟ್ಟೆ ಒತ್ತಿ ಹಿಡಿಯಿರಿ. ಬಣ್ಣ ಮೆತ್ತಗಾದರೆ ಅಥವಾ ಸುಕ್ಕಾದರೆ, ಆ ಥಿನ್ನರ್ ಸೇರಿದ ಬಣ್ಣ ಅದರ ಮೇಲೆ ಕೂರುವುದಿಲ್ಲ. ನಾನೊಮ್ಮೆ ಆತುರದಲ್ಲಿ ಎನಾಮೆಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್, ಖಾರವಾದ ಥಿನ್ನರಿನ) ಪೇಂಟ್ ಹೊಡೆದೆ. ಇಡೀ ಬಾಗಿಲು ಕೆನೆಗಟ್ಟಿದ ಹಾಲಿನ ಹಾಗೆ ಮುದುಡಿಕೊಂಡಿತು. ಎರಡು ದಿನ ಕೆರೆದದ್ದೇ ಕೆರೆದದ್ದು.

ಈಗ ಬಣ್ಣದ ಮಚ್ಚೆಗಳ ವಿಷಯ, ಅಲ್ಲೇ ಅಲ್ವಾ ನಿಮ್ಮ ಮನಸ್ಸಿರುವುದು! ಮನೆಯಲ್ಲಿ ಹೊಡೆದ ಕ್ಯಾಮೊಫ್ಲಾಜ್ ನೂರರಲ್ಲಿ ತೊಂಬತ್ತು ಸಲ ಕೆಡುವುದು ಒಂದೇ ಕಾರಣಕ್ಕೆ: ಮಚ್ಚೆಗಳು ತೀರಾ ಚಿಕ್ಕವು. ಜನ ಸೈನಿಕರ ಸಮವಸ್ತ್ರ ನೋಡಿ ಅದನ್ನೇ ಟ್ರಕ್ಕಿನ ಮೇಲೆ ಬಿಡಿಸುತ್ತಾರೆ. ಚಿಕ್ಕ ಮಚ್ಚೆಗಳು ದೂರದಿಂದ ಕಲಸಿಹೋಗಿ ಒಂದೇ ಮಂಕು ಬಣ್ಣವಾಗಿ ಕಾಣುತ್ತವೆ, ಟ್ರಕ್ಕು ಟ್ರಕ್ಕಾಗಿಯೇ ಉಳಿಯುತ್ತದೆ. ಮಚ್ಚೆಯ ಕೆಲಸ ಆಕಾರ ಒಡೆಯುವುದು. ಬಾನೆಟ್ಟಿನ ಅಂಚು, ಕ್ಯಾಬಿನ್ ಮೂಲೆ, ಬಾಗಿಲಿನ ಗೆರೆ, ಇವನ್ನೆಲ್ಲ ದಾಟಿ ಹೋಗಬೇಕು. ಬಾಗಿಲಿನ ಗೆರೆಗೆ ಸರಿಯಾಗಿ ಮಚ್ಚೆ ನಿಂತರೆ ನೀವು ಮರೆಮಾಚಿಲ್ಲ, ಗೆರೆ ಎಳೆದು ತೋರಿಸಿದ್ದೀರಿ. ಬಂಪರ್, ಚಕ್ರದ ಡಿಸ್ಕ್ ಮೇಲೂ ಬಣ್ಣ ಹಾಯಲಿ. ಟೈರು ಮಾತ್ರ ಬಿಡಿ.

ಸೇನೆಗಳು ಇದನ್ನು ಮನಸ್ಸಿಗೆ ಬಂದ ಹಾಗೆ ಹೊಡೆಯುವುದಿಲ್ಲ. ಅಮೆರಿಕದ ಸೇನೆ 1970ರ ದಶಕದಲ್ಲಿ ನಾಲ್ಕು ಬಣ್ಣದ ಮಾದರಿ ಬಳಸುತ್ತಿತ್ತು. ಅದರಲ್ಲಿ ಎರಡು ಮುಖ್ಯ ಬಣ್ಣ ತಲಾ ಶೇ 45, ಉಳಿದೆರಡು ತಲಾ ಶೇ 5. ನೀವು ಹೇಳುವ ಮೂರು ಬಣ್ಣದ ಮಾದರಿ ನ್ಯಾಟೋದ್ದು, 1980ರ ದಶಕದಲ್ಲಿ ಬಂದದ್ದು. ಜರ್ಮನ್ ಗಾಡಿಯಾದರೆ ಅಲ್ಲಿನ ಬಣ್ಣದ ಪಟ್ಟಿಯಾದ ಆರ್‌ಎಎಲ್‌ನಲ್ಲಿ 6031 ಹಸಿರು, 8027 ಕಂದು, 9021 ಕಪ್ಪು. ಅಮೆರಿಕದ್ದಾದರೆ ಅವರ ಪಟ್ಟಿ ಎಫ್‌ಎಸ್, ಅದರಲ್ಲಿ ಇದೇ ಕ್ರಮದಲ್ಲಿ 34094, 30051, 37030. ಈ ಸಂಖ್ಯೆ ಹೇಳಿದರೆ ಬಣ್ಣ ಬೆರೆಸುವವರಿಗೆ ಅರ್ಥವಾಗುತ್ತದೆ. ಹಳೇ ಬಣ್ಣಕ್ಕೇ ಹೊಂದಿಸಬೇಕು ಅಂತಿದ್ದರೆ ಬಿಸಿಲಿಗೆ ಬಿದ್ದ ಬಾನೆಟ್ ನೋಡಬೇಡಿ, ಅದು ಸುಳ್ಳು ಹೇಳುತ್ತದೆ. ಮಾಹಿತಿ ಫಲಕದ ತಿರುಪು ಬಿಚ್ಚಿ ಅದರ ಹಿಂದೆ ಇರುವ ಬಣ್ಣ ನೋಡಿ.

ಮೊದಲು ಇಡೀ ಗಾಡಿಗೆ ಹಸಿರು. ಚೆನ್ನಾಗಿ ಒಣಗಿದ ಮೇಲೆ ಸೀಮೆಸುಣ್ಣದಲ್ಲಿ ಮಚ್ಚೆ ಬರೆದು, ಒಳಗೆ ಕಂ, ಕ ಅಂತ ಗುರುತು ಹಾಕಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಸರಿ ಕಾಣದಿದ್ದರೆ ಒರೆಸಿ ಮತ್ತೆ ಬರೆಯಿರಿ, ಸೀಮೆಸುಣ್ಣಕ್ಕೇನು ಖರ್ಚು? ಆಮೇಲೆ ಕಂದು, ಕೊನೆಗೆ ಕಪ್ಪು. ಕಪ್ಪು ಕೈ ತಪ್ಪಿ ಜಾಸ್ತಿಯಾದರೆ ತಿದ್ದುವುದು ಕಷ್ಟ, ಹಾಗಾಗಿ ಸ್ವಲ್ಪ ಜಿಪುಣರಾಗಿರಿ.

ಪ್ರಶ್ನೆ: ಸೇನೆ ಬಳಸುವ ಆ ಗಟ್ಟಿ ಎರಡು ಡಬ್ಬಿ ಬಣ್ಣವನ್ನೇ ಹೊಡೆದರೆ ಆಯುಷ್ಯ ಜಾಸ್ತಿ ಅಂತಾರೆ. ನಿಜವೇ?

ಉತ್ತರ: ಆಯುಷ್ಯ ಬಣ್ಣಕ್ಕೆ ಜಾಸ್ತಿ, ಹೊಡೆಯುವವರಿಗಲ್ಲ. ಅದರ ಹಾರ್ಡನರಿನಲ್ಲಿ, ಅಂದರೆ ಬಣ್ಣ ಗಟ್ಟಿಯಾಗಲು ಬೆರೆಸುವ ಎರಡನೇ ಡಬ್ಬಿಯಲ್ಲಿ, ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರಿಂದ ಅಸ್ತಮಾ ಬರಬಹುದು. ಒಮ್ಮೆ ಮೈಗೆ ಅಲರ್ಜಿ ಹತ್ತಿಕೊಂಡರೆ ಆಮೇಲೆ ಚೂರೇ ಸೋಕಿದರೂ ಉಸಿರು ಕಟ್ಟುತ್ತದೆ. ಅದಕ್ಕೆ ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಬೇಕು. ಮನೆಯ ಶೆಡ್ಡಿನಲ್ಲಿ ಬೇಡವೇ ಬೇಡ. ಒಂದೇ ಡಬ್ಬಿಯ ಮ್ಯಾಟ್ ಎನಾಮೆಲ್ ಸಾಕು. ಅದಕ್ಕೂ ಆವಿ ತಡೆಯುವ ಮಾಸ್ಕ್ ಹಾಕಿ, ಬಾಗಿಲು ತೆರೆದಿಡಿ, ಹತ್ತಿರ ಬೆಂಕಿ ಇರಬಾರದು.

ಪ್ರಶ್ನೆ (ಇನ್ನೊಬ್ಬ ಓದುಗರು): ಸ್ಪ್ರೇ ಗನ್ ಇಲ್ಲ. ರೋಲರಿನಲ್ಲಿ ಆಗುತ್ತಾ? ಹಚ್ಚಿ ನೋಡಿದೆ, ಅಲ್ಲಲ್ಲಿ ಹೊಳಪು, ಅಲ್ಲಲ್ಲಿ ಮಂಕು.

ಉತ್ತರ: ಧಾರಾಳವಾಗಿ ಆಗುತ್ತದೆ, ಮ್ಯಾಟ್ ಬಣ್ಣ ರೋಲರಿನ ಗುರುತುಗಳನ್ನು ಬಹಳಷ್ಟು ಮುಚ್ಚಿಕೊಳ್ಳುತ್ತದೆ. ನಿಮ್ಮ ತೊಂದರೆ ಬಹುಶಃ ಡಬ್ಬಿಯ ತಳದಲ್ಲಿದೆ. ಹೊಳಪು ತೆಗೆಯುವ ಪುಡಿ ತಳಕ್ಕೆ ಇಳಿದಿರುತ್ತದೆ. ಮೇಲೆ ಮೇಲೆ ಕಲಕಿದರೆ ಮೊದಲರ್ಧ ಹೊಳೆಯುತ್ತದೆ, ಕೊನೆಯರ್ಧ ಮಂಕಾಗುತ್ತದೆ. ತಳ ಕೆರೆದು ಕಲಕಿ. ಒಂದೇ ಬಣ್ಣದ ಡಬ್ಬಿಗಳು ಎರಡು ಮೂರಿದ್ದರೆ ಎಲ್ಲ ಒಂದೇ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಿ. ಸಂಜೆ ಹಚ್ಚಿದ್ದರೆ ಇಬ್ಬನಿಯೂ ಕಾರಣವಿರಬಹುದು.

ಪ್ರಶ್ನೆ: ಏನೇನು ಮುಚ್ಚಬೇಕು? ಮತ್ತೆ ಈ ಬಣ್ಣ ಹೊಡೆದು ರಸ್ತೆಗೆ ಇಳಿಸಬಹುದಾ?

ಉತ್ತರ: ಬ್ರೇಕ್ ಹೋಸ್, ಗ್ರೀಸ್ ನಿಪ್ಪಲ್, ಆಕ್ಸಲಿನ ಗಾಳಿ ಕಿಂಡಿ, ರಬ್ಬರ್, ದೀಪ, ಮಾಹಿತಿ ಫಲಕ. ಗಾಳಿ ಕಿಂಡಿ ಬಣ್ಣದಲ್ಲಿ ಮುಚ್ಚಿಹೋದರೆ ಆಕ್ಸಲ್ ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಸೀಲಿನಿಂದ ಎಣ್ಣೆ ಸುರಿಯುತ್ತದೆ, ಆಮೇಲೆ ಸೀಲನ್ನು ಬೈಯುತ್ತಾ ಕೂರಬೇಕು. ಹಳೇ ದಳದ ಸಂಖ್ಯೆ, ಚಿಹ್ನೆ ಅಲ್ಲಲ್ಲಿ ಇದ್ದರೆ ಉಜ್ಜುವ ಮೊದಲು ಫೋಟೊ ತೆಗೆದು, ಅಳತೆ ಬರೆದಿಟ್ಟುಕೊಳ್ಳಿ.

ರಸ್ತೆಯ ವಿಷಯ ಡಬ್ಬಿ ಕೊಳ್ಳುವ ಮೊದಲೇ ವಿಚಾರಿಸಿ. ಕೆಲವು ದೇಶಗಳಲ್ಲಿ ಸೇನೆಯ ಬಣ್ಣ ಖಾಸಗಿ ಗಾಡಿಗೆ ಹಚ್ಚುವ ಹಾಗಿಲ್ಲ. ಭಾರತದ ಮೋಟಾರು ವಾಹನ ನಿಯಮದಲ್ಲಿ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಿಮ್ಮಲ್ಲಿ ಅನುಮತಿ ಇದ್ದರೂ ಬಣ್ಣ ಬದಲಾದದ್ದು ದಾಖಲೆಯಲ್ಲಿ ಬರೆಸಬೇಕಾಗಬಹುದು.